ಅಕ್ಕನ ಬಾವಿಗೊಂದು ಟಾರ್ಚು

"ನೀರೊಳಗೆ ಹಿಡ್ಕೊಂಡು ಹೋಗೋ ಟಾರ್ಚ್ ಇದೆಯಾ?" ಎಂದು ನಂಜನಗೂಡಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದಾಗ ಅಂಗಡಿಯಾತ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟ. ಆಮೇಲೆ ದನಿ ತಗ್ಗಿಸಿ, "ಯಾರು ಬಿದ್ದಿರೋದು ಮೇಡಮ್?" ಎಂದ.

ಯಾರೂ ಬಿದ್ದಿಲ್ಲ, ನಾನೇ ಬೇಕೆಂದು ಇಳಿಯುತ್ತೇನೆ ಎಂದೆ. ಅದು ಇನ್ನೂ ಕೆಟ್ಟದಾಯಿತು. ಪಾಪ, ಆತ ನನ್ನ ಮುಖವನ್ನೇ ನೋಡುತ್ತ, ಒಂದು ಸ್ಟೂಲು ಎಳೆದು, ಕೂತ್ಕೊಳ್ಳಿ ಮೇಡಮ್, ನೀರು ಕುಡೀರಿ ಎಂದ. ನನಗೆ ಮೊದಲೇ ಮೂಗಿನ ತುದಿಯಲ್ಲೇ ಕೋಪ. ಸ್ಕೂಬಾ ಡೈವಿಂಗ್ ಎಂದರೇನು, ಸಿಲಿಂಡರು ಕಟ್ಟಿಕೊಂಡು ನೀರಿನಡಿ ಉಸಿರಾಡುವುದು ಹೇಗೆ ಎಂದು ಅಲ್ಲೇ ನಿಂತು ಪಾಠ ಶುರು ಮಾಡಿದೆ. ಆತ ಪೂರ್ತಿ ಕೇಳಿಸಿಕೊಂಡು, ರಾತ್ರಿ ಗದ್ದೆಗೆ ನೀರು ಹಾಯಿಸುವವರು ಒಯ್ಯುವ ಹಳದಿ ಟಾರ್ಚೊಂದನ್ನು ಮುಂದಿಟ್ಟ. "ಇದು ಮಳೇಲಿ ಎಷ್ಟು ನೆಂದ್ರೂ ಏನೂ ಆಗಲ್ಲ ಮೇಡಮ್, ಗ್ಯಾರಂಟಿ." ಮಳೆಯಲ್ಲಿ ನೆನೆಯುವುದು ಬೇರೆ, ಮನೆಯೆತ್ತರದ ನೀರಿನ ಕೆಳಗೆ ಉರಿಯುವುದು ಬೇರೆ ಎಂದು ಇನ್ನೊಂದು ಪಾಠ ಮಾಡಿ ಬರಿಗೈಲಿ ಮನೆಗೆ ಬಂದೆ.

ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರು. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಗಳ ಜೊತೆ ಮುರುಡೇಶ್ವರಕ್ಕೆ ಪ್ರವಾಸ ಹೋದಾಗ, ಎಲ್ಲರೂ ಸಮುದ್ರದ ದಂಡೆಯಲ್ಲಿ ಚುರುಮುರಿ ತಿನ್ನುತ್ತಿರುವಾಗ ನಾನೊಬ್ಬಳು ದುಡ್ಡು ಕಟ್ಟಿ ಸ್ಕೂಬಾ ದೋಣಿ ಹತ್ತಿದೆ. ಆ ದಿನ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಆಮೇಲೆ ರಜೆ ಸಿಕ್ಕಾಗಲೆಲ್ಲ ಹೋಗಿ ಕ್ರಮವಾಗಿ ಕಲಿತೆ. ಕಲಿಸಿದವರು ಕರಾವಳಿಯ ಕಡೆಯ ಒಬ್ಬ ತರಬೇತುದಾರರು. ನಾನು ಅವರನ್ನು ಸರ್ ಅನ್ನುತ್ತೇನೆ, ಅವರು ನನ್ನನ್ನು ಟೀಚರ್ ಅನ್ನುತ್ತಾರೆ. ಹಗಲು ಹೊತ್ತಿನಲ್ಲಿ ಸಮುದ್ರದ ಮೇಲ್ಪದರದಲ್ಲಿ ಬಿಸಿಲೇ ಸಾಕಷ್ಟು ಇರುವುದರಿಂದ ನನಗೆ ಯಾವತ್ತೂ ಸ್ವಂತ ಟಾರ್ಚು ಬೇಕಾಗಿರಲಿಲ್ಲ. ಬೇಕಾದದ್ದು ನನ್ನ ಅಕ್ಕನಿಗಾಗಿ.

ನಮ್ಮ ತವರು ತಿ. ನರಸೀಪುರ. ಕಪಿಲೆ ಬಂದು ಕಾವೇರಿಯನ್ನು ಸೇರುವಲ್ಲಿ, ಬೇಸಿಗೆಯಲ್ಲಿ ಮರಳು ಮೇಲೆದ್ದಾಗ, ಅಕ್ಕ ನನ್ನ ಹೊಟ್ಟೆಯ ಕೆಳಗೆ ಕೈ ಕೊಟ್ಟು ಈಜು ಕಲಿಸಿದಳು. ಇವತ್ತು ನಾನು ತಿನ್ನುತ್ತಿರುವ ಸಂಬಳದ ಅನ್ನ ಆ ಕೈಯಿಂದಲೇ ಬಂದದ್ದು, ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅವಳನ್ನು ಅಲ್ಲಿಂದ ಸ್ವಲ್ಪ ದೂರದ ಹಳ್ಳಿಗೆ ಕೊಟ್ಟಿದ್ದಾರೆ. ಭಾವನದು ನಾಲೆಯ ನೀರಿನ ಗದ್ದೆ, ಕೊಟ್ಟಿಗೆಯಲ್ಲಿ ಹಸುಗಳು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು.

ಅಕ್ಕನಿಗೆ ಚಿಕ್ಕಂದಿನಿಂದಲೂ ಮುಸ್ಸಂಜೆಯಾದರೆ ಕಣ್ಣು ಮಂಜು. ಹೊಸಿಲು ಎಡವುತ್ತಿದ್ದಳು, ತಂಬಿಗೆ ಒದೆಯುತ್ತಿದ್ದಳು. ಹುಡುಗಿಗೆ ಮೈಮೇಲೆ ಗ್ಯಾನ ಇಲ್ಲ ಎಂದು ಮನೆಯಲ್ಲಿ ಬೈಸಿಕೊಂಡಳೇ ಹೊರತು ಯಾರೂ ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ. ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಹೋದದ್ದು ಅವಳ ಮಕ್ಕಳು ದೊಡ್ಡವರಾದ ಮೇಲೆ. ಕಣ್ಣಿನ ಒಳಪದರ ಅಂಚಿನಿಂದ ಸವೆಯುತ್ತ ಬರುತ್ತಿದೆ, ನೋಟ ಕಿರಿದಾಗುತ್ತ ಹೋಗುತ್ತದೆ, ನಿಲ್ಲಿಸುವ ಔಷಧಿ ಸದ್ಯಕ್ಕಿಲ್ಲ ಎಂದರು. ಈಗ ಅವಳಿಗೆ ಕಾಣುವುದು ನಡುವಿನಷ್ಟೇ, ಅದೂ ಚೆನ್ನಾಗಿ ಬೆಳಕು ಬಿದ್ದರೆ. ನಡು ಬಿಸಿಲಿಗೆ ಬಂದರೆ ಕಣ್ಣು ಕುಕ್ಕುತ್ತದೆ, ನೆರಳಿಗೆ ಬಂದರೆ ಕತ್ತಲು. ಹಾಲು ಕರೆಯುವುದು ಬಹುಪಾಲು ಕೈಯ ಅಂದಾಜಿನ ಮೇಲೆ.

ನಾನು ಸಮುದ್ರದಡಿ ತೆಗೆದ ವಿಡಿಯೋಗಳನ್ನು ಅವಳಿಗೆ ತೋರಿಸುತ್ತಿದ್ದೆ. ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದಳು. ಒಂದು ಸಲ ಫೋನು ವಾಪಸು ಕೊಟ್ಟು, "ಇದ್ರಲ್ಲಿ ಎಲ್ಲಾ ಒಂದೇ ತರ ಕಾಣ್ತದೆ ಕಣಮ್ಮಿ. ನಿಜ್ವಾದ್ ಮೀನು ನೀರೊಳ್ಗೆ ಎಂಗ್ ಓಡಾಡ್ತದೆ ಅಂತ ಒಂದ್ಸಲ ನೋಡ್ಬುಡ್ಬೇಕು. ಈ ಕಣ್ಣು ಇರೋಗಂಟ" ಎಂದಳು. ಅಳುತ್ತ ಹೇಳಲಿಲ್ಲ. ಊಟಕ್ಕೆ ಉಪ್ಪು ಬೇಕು ಎಂದು ಕೇಳಿದಷ್ಟೇ ಸಲೀಸಾಗಿ ಹೇಳಿ, ಹಸುವಿಗೆ ಬೂಸಾ ಕಲಸಲು ಎದ್ದಳು. 

ಮುರುಡೇಶ್ವರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದೆ. ಅವಳು ಒಪ್ಪಲಿಲ್ಲ. ಕೊಟ್ಟಿಗೆಯಲ್ಲಿ ಒಂದು ಹಸು ಅವಳ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಇಳಿಸುವುದಿಲ್ಲ, ಭಾವ ಹತ್ತಿರ ಹೋದರೆ ಒದೆಯುತ್ತದೆ. "ಮೀನ್ ನೋಡಾಕೆ ಸಮುದ್ರ ಯಾಕಮ್ಮಿ? ನಮ್ ಬಾವೀಲಿ ಇಲ್ವಾ? ನಿಮ್ ಬಾವ್ನೆ ಮರಿ ತಂದ್ ಬುಟ್ಟವ್ರೆ" ಎಂದಳು. ಅದು ಕಲ್ಲು ಕಟ್ಟಡದ ದೊಡ್ಡ ಚೌಕದ ಬಾವಿ, ಒಂದು ಪಕ್ಕದಲ್ಲಿ ಮೆಟ್ಟಿಲು. ಬೋರ್‌ವೆಲ್ ಹಾಕಿಸಿದ ಮೇಲೆ ಅದರ ಗೋಜಿಗೆ ಯಾರೂ ಹೋಗುತ್ತಿಲ್ಲ, ಆದರೆ ನಾಲೆಯ ಜವುಗಿನಿಂದ ಯಾವಾಗಲೂ ಮುಕ್ಕಾಲು ತುಂಬಿರುತ್ತದೆ. ಮೇಲಿಂದ ನೋಡಿದರೆ ಹಸಿರು, ಎರಡಾಳು ಕೆಳಗೆ ಹೋದರೆ ಮಬ್ಬು. ನಮಗೇ ಮಬ್ಬಾದರೆ ಅಕ್ಕನಿಗೆ ಅಮಾವಾಸ್ಯೆ. ಒಳ್ಳೆಯ ಬೆಳಕಿಲ್ಲದೆ ಅವಳನ್ನು ಅಲ್ಲಿಗೆ ಇಳಿಸಿದರೆ ಏನೂ ಕಾಣದೆ ಒದ್ದೆಯಾಗಿ ಮೇಲೆ ಬರುತ್ತಾಳೆ ಅಷ್ಟೇ.

ಸರ್‌ಗೆ ಫೋನ್ ಮಾಡಿದೆ.

"ಬಾವಿಯಾ? ಎಂಥ ಮಾರಾಯ್ರೆ ಟೀಚರ್, ಸಮುದ್ರ ಬಿಟ್ಟು ಬಾವಿಗಾ?" ಎಂದು ಮೊದಲು ನಕ್ಕರು. ಅಕ್ಕನ ವಿಷಯ ಹೇಳಿದ ಮೇಲೆ ನಗು ನಿಂತಿತು. ಈಜು ಬರುತ್ತದಾ, ಎದೆ, ಕಿವಿ, ಬಿಪಿ ಎಲ್ಲ ಡಾಕ್ಟರಿಗೆ ತೋರಿಸಿದ್ದೀರಾ, ಬಾವಿಯ ಬಾಯಿ ಎಷ್ಟು ಅಗಲ, ಮೆಟ್ಟಿಲು ನೀರಿನೊಳಗೂ ಇದೆಯಾ ಎಂದು ವಕೀಲರ ಹಾಗೆ ಕೇಳಿದರು. ಕೊನೆಗೆ, "ಮುಂದಿನ ತಿಂಗಳು ಮೈಸೂರಿಗೆ ಈಜುಕೊಳದ ಕ್ಲಾಸಿಗೆ ಬರ್ಲಿಕ್ಕುಂಟು. ಆ ಭಾನುವಾರ ಬೆಳಿಗ್ಗೆ ನಿಮ್ಮಲ್ಲಿಗೆ ಬರ್ತೇನೆ. ಸಿಲಿಂಡರು, ಮಾಸ್ಕು ಎಲ್ಲ ನಾನು ತರ್ತೇನೆ. ಲೈಟು ಮಾತ್ರ ನೀವೇ ನೋಡಿಕೊಳ್ಳಿ, ನಮ್ಮದು ದೋಣಿಯಲ್ಲೇ ಇರ್ತದೆ. ಮತ್ತೆ ಎರಡು ತಗೊಳ್ಳಿ. ಒಂದೇ ಲೈಟು ನಂಬಿ ನೀರಿಗೆ ಇಳಿಯುವ ಕ್ರಮ ಇಲ್ಲ ನಮ್ಮಲ್ಲಿ" ಎಂದರು. ಅವರಿಗೆ ಒಂದು ರೂಪಾಯಿಯೂ ಬೇಡವಂತೆ. ಮಧ್ಯಾಹ್ನ ಮುದ್ದೆ ಊಟ ಹಾಕಿದರೆ ಸಾಕಂತೆ.

ಹಾಗೆ ನನ್ನ ಟಾರ್ಚು ಬೇಟೆ ಶುರುವಾದದ್ದು.

ಅಂಗಡಿಯಲ್ಲಿ ಸಿಗದ ಮೇಲೆ ಫೋನಿನಲ್ಲಿ ಹುಡುಕಿದೆ. ಅಯ್ಯೋ, ಆ ಸುಳ್ಳುಗಳೋ! ಬೆಳಕಿನ ಅಳತೆಗೆ ಲ್ಯೂಮೆನ್ ಅನ್ನುತ್ತಾರೆ. ಹೆಬ್ಬೆರಳಿನಷ್ಟಿರುವ ಟಾರ್ಚಿಗೂ ಆ ಸಂಖ್ಯೆಯ ಮುಂದೆ ಸೊನ್ನೆಗಳ ಸಾಲು. ಅವರು ಬರೆದದ್ದು ನಿಜವಾದರೆ ಅದೊಂದನ್ನೇ ಹಿಡಿದು ನಂಜನಗೂಡಿನ ಇಡೀ ಬಸ್ ಸ್ಟ್ಯಾಂಡಿಗೆ ಬೆಳಕು ಕೊಡಬಹುದು. ವಾಟರ್‌ಪ್ರೂಫ್ ಎಂದು ದಪ್ಪಕ್ಷರದಲ್ಲಿ ಬರೆದು, ಎಷ್ಟು ಆಳಕ್ಕೆ ಎಂಬುದನ್ನು ಇರುವೆ ಅಕ್ಷರದಲ್ಲಿ ಬರೆಯುತ್ತಾರೆ. ಹೆಸರುವಾಸಿ ಡೈವಿಂಗ್ ಲೈಟುಗಳ ಬೆಲೆ ನೋಡಿದರೆ ನನ್ನ ಸಂಬಳ ನಾಚಿಕೊಳ್ಳುತ್ತಿತ್ತು. ಕಡಿಮೆ ಬೆಲೆಗೆ ಪ್ರಖರವಾದದ್ದು ಬೇಕು, ನೀರೂ ನುಗ್ಗಬಾರದು. ಈ ಮೂರೂ ಒಟ್ಟಿಗೆ ಸಿಗುವ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿದಿತ್ತು.

ಮೊದಲು ತರಿಸಿದ್ದನ್ನು ನಮ್ಮ ಮನೆಯ ಸಂಪಿನಲ್ಲಿ ಪರೀಕ್ಷೆ ಮಾಡಿದೆವು. ನಾವು ಅಂದರೆ ನಾನು ಮತ್ತು ನನ್ನ ಗಂಡ. ಅವರು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವರು. ಮನೆಗೆ ತಂದ ತರಕಾರಿಯನ್ನೂ ತಿರುಗಿಸಿ ಮುರುಗಿಸಿ ನೋಡದೆ ಒಳಗೆ ಬಿಡುವವರಲ್ಲ. ಟಾರ್ಚಿಗೆ ನೈಲಾನ್ ದಾರ ಕಟ್ಟಿ ಸಂಪಿಗೆ ಇಳಿಬಿಟ್ಟು, ಇಬ್ಬರೂ ಮಂಡಿಯೂರಿ ಬಗ್ಗಿ ನೋಡುತ್ತ ಕೂತೆವು. ಅದು ಸ್ವಲ್ಪ ಹೊತ್ತು ಉರಿದು, ಮಿಣಮಿಣ ಎಂದು, ಕಣ್ಣು ಮುಚ್ಚಿತು. ಎಳೆದು ನೋಡಿದರೆ ಗಾಜಿನೊಳಗೆ ನೀರು ಆಡುತ್ತಿತ್ತು. "ಇದಕ್ಕಿಂತ ನಮ್ಮ ಉಪ್ಪಿನಕಾಯಿ ಭರಣಿ ಮುಚ್ಚಳವೇ ಗಟ್ಟಿ ಕಣೇ" ಎಂದರು. ಮುಚ್ಚಳದ ಒಳಗಿನ ರಬ್ಬರ್ ಉಂಗುರ ಒಂದೇ ಇದ್ದದ್ದು ಆಗ ಗೊತ್ತಾಯಿತು. ನೀರಿನಡಿ ಹೋಗುವ ಲೈಟಿಗೆ ಎರಡು ಉಂಗುರ ಇರಬೇಕು, ಅದಕ್ಕೆ ಗ್ರೀಸು ಸವರಿರಬೇಕು, ಒಂದು ಕೂದಲು ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ ಎಂದು ಸರ್ ಫೋನಿನಲ್ಲಿ ಹೇಳಿದರು. ಮೊದಲೇ ಹೇಳಬಾರದಿತ್ತೇ ಎಂದು ಅವರ ಮೇಲೂ ರೇಗಿದೆ. ನೀವು ಕೇಳಲೇ ಇಲ್ಲವಲ್ಲ ಟೀಚರ್ ಎಂದರು.

ಎರಡನೆಯದನ್ನು ಮೈಯೆಲ್ಲ ಕಣ್ಣಾಗಿ ಆರಿಸಿದೆ. ಕೊಂಡವರು ಏನು ಬರೆದಿದ್ದಾರೆ ಎಂದು ಓದಿದೆ, ಅದರಲ್ಲೂ ಬೈದವರದ್ದನ್ನು ಮೊದಲು ಓದಿದೆ. ಒಂದು ಸಲ ಚಾರ್ಜು ಮಾಡಿದರೆ ಪೂರ್ತಿ ಬೆಳಕಿನಲ್ಲಿ ಎಷ್ಟು ಹೊತ್ತು ಉರಿಯುತ್ತದೆ, ಬ್ಯಾಟರಿ ನಮ್ಮೂರಿನಲ್ಲಿ ಸಿಗುತ್ತದೆಯೇ, ಮಣಿಕಟ್ಟಿಗೆ ಹಾಕಿಕೊಳ್ಳಲು ಪಟ್ಟಿ ಇದೆಯೇ, ಸ್ವಿಚ್ಚು ಒದ್ದೆ ಕೈಗೂ ಸಿಗುತ್ತದೆಯೇ, ಎಲ್ಲ ನೋಡಿದೆ. ಅಗಲವಾಗಿ ಹರಡುವ ಬೆಳಕಿನದನ್ನೇ ತೆಗೆದುಕೊಂಡೆ. ಅದು ಬಂದ ದಿನ ಸಂಪಿಗೆ ಇಳಿಸಿದರೆ ಒಳಗೆ ಮದುವೆ ಛತ್ರದ ಹಾಗೆ ಬೆಳಕು! ತಳದಲ್ಲಿ ಯಾವಾಗಲೋ ಬಿದ್ದಿದ್ದ ಒಂದು ಚಮಚ ಕೂಡ ಫಳಫಳ ಹೊಳೆಯಿತು. ಗಂಡ ಮೊದಲ ಬಾರಿಗೆ ತಲೆದೂಗಿ ಪಾಸ್ ಎಂದರು. ಬೆಲೆಯೂ ಕೈಗೆಟುಕುವಂತಿತ್ತು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಸರ್ ಎರಡು ಎಂದಿದ್ದರಲ್ಲ, ಅದಕ್ಕೆ ಒಂದು ಚಿಕ್ಕದನ್ನೂ ತರಿಸಿದೆ, ಒಲ್ಲದ ಮನಸ್ಸಿನಿಂದ. ಅಂಗೈಯಗಲದ್ದು, ಕೋಲಿನ ಹಾಗೆ ನೇರವಾಗಿ ಹೋಗುವ ಸಣ್ಣ ಬೆಳಕು. ಸಂಪಿನಲ್ಲಿ ಬಿಟ್ಟರೆ ಬಿಂದಿಗೆ ತಳದಷ್ಟು ಜಾಗ ಮಾತ್ರ ಕಾಣುತ್ತಿತ್ತು. ನೀರು ನುಗ್ಗಲಿಲ್ಲ ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ಹೊಗಳುವಂಥದ್ದು ನನಗೆ ಏನೂ ಕಾಣಲಿಲ್ಲ. ಅದನ್ನು ಬ್ಯಾಗಿನ ತಳಕ್ಕೆ ಹಾಕಿ, ದೊಡ್ಡದನ್ನು ಮಾತ್ರ ಬದನವಾಳಿನ ಖಾದಿ ಟವೆಲಿನಲ್ಲಿ ಮಗುವನ್ನು ಸುತ್ತುವ ಹಾಗೆ ಸುತ್ತಿ ಇಟ್ಟೆ.

ಆ ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ನರಸೀಪುರದ ಮೇಲೆ ಅಕ್ಕನ ಹಳ್ಳಿಗೆ ಹೊರಟೆವು. ನಾವು ಹೋಗುವ ಹೊತ್ತಿಗೆ ಅಕ್ಕ ಡೈರಿಗೆ ಹಾಲು ಹಾಕಿ ಬಂದು ಹೆದರಿಕೆಗೋ ಖುಷಿಗೋ ಅಂಗಳವನ್ನು ಎರಡೆರಡು ಸಲ ಗುಡಿಸಿದ್ದಳು. ಸರ್ ಮತ್ತು ನನ್ನ ಗಂಡ ಸಿಲಿಂಡರುಗಳನ್ನು ಕಾರಿನಿಂದ ಇಳಿಸುತ್ತಿದ್ದರೆ ಗ್ಯಾಸ್ ಏಜೆನ್ಸಿಯವರು ಬಂದರೆಂದು ಪಕ್ಕದ ಮನೆಯಾಕೆ ಖಾಲಿ ಸಿಲಿಂಡರು ಹಿಡಿದು ಬಂದಳು. ನಾನು ಒಳಗೆ ಅಕ್ಕನಿಗೆ ನನ್ನ ಟ್ರ್ಯಾಕ್ ಪ್ಯಾಂಟು, ಉದ್ದ ತೋಳಿನ ಟೀ ಶರ್ಟು ತೊಡಿಸುತ್ತಿದ್ದೆ. ಸೀರೆ ಬಿಟ್ಟು ಬೇರೆ ಉಟ್ಟು ಗೊತ್ತಿಲ್ಲದ ಅವಳು, "ಥೂ, ಕಾಲೆಲ್ಲ ಕಟ್ಟಾಕ್ದಂಗ್ ಆಯ್ತದೆ" ಎಂದು ನಗುತ್ತ ಬೈಯುತ್ತ ರೂಢಿಯ ಮೇಲೆ ಕನ್ನಡಿಯ ಮುಂದೆ ಹೋಗಿ ನಿಂತಳು. ಅಷ್ಟು ಹೊತ್ತು ಬಾವಿಯ ಹತ್ತಿರ ಏನು ನಡೆಯುತ್ತಿತ್ತು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಭಾವ ಬಾವಿಯ ಕಟ್ಟೆಯ ಮೇಲೆ ಗಂಗೆ ಪೂಜೆ ಮಾಡುತ್ತಿದ್ದರು. ಆ ಕಡೆ ಬಾವಿಗೆ ಮೋಟರು ಇಳಿಸಲಿ, ಹೂಳು ತೆಗೆಯಲಿ, ಗಂಗೆಗೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿಯದೆ ಯಾರೂ ಕಾಲಿಡುವುದಿಲ್ಲ. ಇನ್ನು ಸ್ವಂತ ಹೆಂಡತಿಯೇ ಇಳಿಯುವಾಗ ಬಿಡುತ್ತಾರೆಯೇ? ಎಲೆ, ಬಾಳೆಹಣ್ಣು, ಊದುಬತ್ತಿ ಎಲ್ಲ ಜೋಡಿಸಿದ್ದರು. ಆದರೆ ಗದ್ದೆ ಬಯಲಿನ ಗಾಳಿಗೆ ದೀಪ ನಿಲ್ಲುತ್ತಿರಲಿಲ್ಲ. ಹಚ್ಚಿದಷ್ಟೂ ಆರುತ್ತಿತ್ತು. ಇಂಥ ದಿನ ದೀಪ ಆರುವುದೆಂದರೇನು! ನೋಡಿದರು. ಪಕ್ಕದಲ್ಲೇ, ನಾನು ಬಂದ ಕೂಡಲೇ ತಂದಿಟ್ಟಿದ್ದ, ಟವೆಲು ಸುತ್ತಿದ ದೊಡ್ಡ ಟಾರ್ಚು. ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂ ಸಿಕ್ಕಿಸಿ, ಪೂರ್ತಿ ಬೆಳಕು ಹೊತ್ತಿಸಿ, ಗಂಗೆಯ ಎದುರು ನಿಲ್ಲಿಸಿದರು. ಪೂಜೆ ಮುಗಿದು ನಾವು ಹೊರಗೆ ಬರುವವರೆಗೂ ಅದು ಕಲ್ಲಿನ ಮೇಲೆ, ಬಿಸಿಲಿನಲ್ಲಿ, ಉರಿಯುತ್ತಲೇ ಇತ್ತು.

ನೀರಿನೊಳಗೆ ಉರಿಯುವ ಪ್ರಖರ ಟಾರ್ಚನ್ನು ಗಾಳಿಯಲ್ಲಿ ಹೊತ್ತಿಸಿಡಬಾರದು. ಅದರ ಬಿಸಿಯನ್ನು ಹೀರಿಕೊಳ್ಳುವುದು ಸುತ್ತಲಿನ ನೀರು. ದುಬಾರಿಯವುಗಳಲ್ಲಿ ಬಿಸಿಯಾದರೆ ಬೆಳಕು ತಾನೇ ತಗ್ಗುವ ಏರ್ಪಾಡು ಇರುತ್ತದಂತೆ, ನಾನು ಕೊಂಡದ್ದು ಕೈಗೆಟುಕುವ ಬೆಲೆಯದ್ದು. ಎತ್ತಿಕೊಳ್ಳಲು ಹೋದರೆ ಕೈ ಚುರ್ರೆಂದಿತು. ನನ್ನ ಕಣ್ಣ ಮುಂದೆಯೇ ಒಂದು ಸಲ ನೀಲಿಗೆ ತಿರುಗಿ ಆರಿಹೋಯಿತು. ಸ್ವಿಚ್ಚು ಒತ್ತಿದೆ, ಬ್ಯಾಟರಿ ಬಿಚ್ಚಿ ಹಾಕಿದೆ, ತಟ್ಟಿದೆ, ಕುಟ್ಟಿದೆ. ಊಹೂಂ.

ನನಗೆ ಪಿತ್ತ ನೆತ್ತಿಗೇರಿತು. ಹಿರಿಯರು, ಭಾವ, ಪೂಜೆ ಮಾಡುತ್ತಿದ್ದವರು ಎಂಬುದೆಲ್ಲ ಮರೆತು ಬಾಯಿಗೆ ಬಂದದ್ದು ಅಂದೆ. "ಯಾರನ್ನ ಕೇಳಿ ಹಚ್ಚಿದ್ರಿ ಭಾವ? ಎಣ್ಣೆ ದೀಪ ಆರಿದ್ರೆ ಆರ್ಲಿ ಅಂತ ಬಿಡಬಾರದಿತ್ತಾ? ಎಷ್ಟು ದಿವಸದಿಂದ ಹುಡುಕಿ ತಂದಿದ್ದೆ ನಾನು!"

ಭಾವನ ಮುಖ ಸಪ್ಪಗಾಯಿತು. "ಗಾಳಿಗೆ ದೀಪ ನಿಲ್ನಿಲ್ಲ ಕಣವ್ವ. ಇದಾದ್ರೆ ಆರಕಿಲ್ವಲ್ಲ ಅಂದ್ಕೊಂಡೆ. ಇವ್ಳು ಒಳೀಕ್ ಓಗ್ಬೇಕಾದ್ರೆ ದೀಪ ಆರ್ಬಾರ್ದು ಅಂತ..." ಎಂದು ಅಲ್ಲಿಗೇ ನಿಲ್ಲಿಸಿದರು. ನಾನು ಭಾವನ ಕಣ್ಣಲ್ಲಿ ನೀರು ಕಂಡದ್ದು ಅವತ್ತೇ ಮೊದಲು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಬೈದ ಬಾಯಿಯನ್ನು ಎಲ್ಲಿಟ್ಟುಕೊಳ್ಳಬೇಕೋ ಅದೂ ಗೊತ್ತಾಗಲಿಲ್ಲ.

ಅಕ್ಕನೇ ಗದರಿದಳು, ನನ್ನನ್ನು. "ದೇವ್ರಿಗೆ ಬೆಳಕ್ ತೋರ್ಸವ್ರೆ. ಅದ್ಕೆ ಯಾಕಮ್ಮಿ ಅಂಗ್ ಕಿರುಚ್ಕೋತೀಯ? ಓಗ್ಲಿ ಬುಡು, ಇನ್ನೊಂದ್ ಜಿನ ನೋಡನ." ಇನ್ನೊಂದು ದಿನ ಎಂದು ಅವಳು ಅಂದದ್ದು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಸರ್ ಮತ್ತೆ ಯಾವಾಗ ಬರುತ್ತಾರೋ, ಅಷ್ಟರಲ್ಲಿ ಅವಳ ಕಣ್ಣು ಇನ್ನೆಷ್ಟು ಉಳಿದಿರುತ್ತದೋ ಯಾರಿಗೆ ಗೊತ್ತು?

ಸರ್ ಮಾತ್ರ ತಣ್ಣಗೆ, "ಎರಡನೇದು ಉಂಟಲ್ಲ ಟೀಚರ್? ಅದಕ್ಕೇ ಅಲ್ವಾ ಎರಡು ಅಂದದ್ದು" ಎಂದರು. ಒಂದೇ ಲೈಟು ಉಳಿದದ್ದರಿಂದ ತಳದವರೆಗೆ ಹೋಗುವುದು ಬೇಡ, ಮೆಟ್ಟಿಲಿನ ಪಕ್ಕದಲ್ಲೇ, ತಲೆಯೆತ್ತಿದರೆ ಆಕಾಶ ಕಾಣುವಷ್ಟು ಮೇಲೆಯೇ ಇರೋಣ ಎಂದು ತೀರ್ಮಾನಿಸಿದರು. ಗಂಡ ಬ್ಯಾಗಿನ ತಳದಿಂದ ಆ ಸಣ್ಣದನ್ನು ತೆಗೆದು, ಕರವಸ್ತ್ರದಲ್ಲಿ ಒರೆಸಿ, ಅಕ್ಕನ ಮಣಿಕಟ್ಟಿಗೆ ಪಟ್ಟಿ ಹಾಕಿದರು. ನನಗೆ ಅದನ್ನು ನೋಡುವುದಕ್ಕೂ ಮನಸ್ಸಿರಲಿಲ್ಲ. ಬಿಂದಿಗೆ ತಳದಷ್ಟು ಬೆಳಕಿನಲ್ಲಿ ಏನು ಕಂಡೀತು?

ಸೊಂಟಮಟ್ಟ ನೀರಿರುವ ಮೆಟ್ಟಿಲ ಮೇಲೆ ಕೂರಿಸಿ ಸರ್ ಅವಳಿಗೆ ಬಾಯಲ್ಲಿ ಉಸಿರಾಡುವುದು, ಮೂಗು ಹಿಡಿದು ಕಿವಿಗೆ ಗಾಳಿ ದೂಡುವುದು, ಮಾಸ್ಕಿಗೆ ನೀರು ಬಂದರೆ ಊದಿ ಹೊರಹಾಕುವುದು ಎಲ್ಲ ಕಲಿಸಿದರು. ಅವಳು ಕಲಿತ ವೇಗ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ನಾನು ದಿನಗಟ್ಟಲೆ ಒದ್ದಾಡಿದ್ದನ್ನು ಅವಳು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಸರಾಗವಾಗಿ ಮಾಡಿದಳು. ಮೇಲೆ ಕಟ್ಟೆಯ ಸುತ್ತ ಊರಿನ ಅರ್ಧ ಹೆಂಗಸರು ಸೇರಿದ್ದರು. "ಉಸಾರು ಕಣಕ್ಕೋ!" ಎಂದು ಒಬ್ಬಳು ಕೂಗಿದಳು. ಸರ್ ಅಕ್ಕನ ಬೆನ್ನಿನ ಸಿಲಿಂಡರು ಹಿಡಿದರು, ನಾನು ಅವಳ ಎದುರಿಗೆ ಹಿಮ್ಮುಖವಾಗಿ ಇಳಿದೆ, ಮೂವರೂ ಮುಳುಗಿದೆವು.

ಮೆಟ್ಟಿಲುಗಳ ಮೇಲೆ ವರ್ಷಗಳಿಂದ ಕೂತಿದ್ದ ಹೂಳು ನಮ್ಮ ಕಾಲು ತಾಗಿದ್ದೇ ತಡ, ಹೊಗೆಯ ಹಾಗೆ ಎದ್ದಿತು. ಅದನ್ನು ನಾನು ಲೆಕ್ಕ ಹಾಕಿಯೇ ಇರಲಿಲ್ಲ. ನಮ್ಮ ಸಂಪಿನ ನೀರು ತೊಳೆದ ಗಾಜು, ಬಾವಿಯದು ಬಾವಿಯದು. ಮುಗಿಯಿತು ಕಥೆ ಎಂದುಕೊಂಡೆ. ಅಷ್ಟರಲ್ಲಿ ಅಕ್ಕ ಟಾರ್ಚು ಒತ್ತಿದಳು. ಆ ಸಣ್ಣ ಬೆಳಕು ಹೂಳಿನ ನಡುವೆ ದಾರಿ ಮಾಡಿಕೊಂಡು ನೇರವಾಗಿ ಎದುರಿನ ಕಲ್ಲುಗೋಡೆಗೆ ಹೋಗಿ ನಿಂತಿತು. ಅಲ್ಲಿ ಕಲ್ಲು ಸಂದಿಯ ಪಾಚಿ, ಒಂದು ಬೇರು, ಬೇರಿನ ಪಕ್ಕ ಒಂದು ಜಿಲೇಬಿ ಮೀನು. ಅಕ್ಕ ಬೆಳಕನ್ನು ಅಲುಗಿಸಲಿಲ್ಲ. ಮೀನು ರೆಕ್ಕೆ ಬೀಸಿ ಸರಿಯಿತು, ಬೆಳಕೂ ಸರಿಯಿತು. ಇನ್ನೊಂದು ಬಂತು, ಆಮೇಲೆ ಒಂದು ಹಿಂಡು. ಅವುಗಳ ಪಕ್ಕೆಯ ಪಟ್ಟೆ, ಬಾಲದ ಅಂಚಿನ ಕೆಂಪು ಎಲ್ಲ ನನಗೂ ಕಾಣುತ್ತಿತ್ತು. ಕೆಳಗಿನ ಮೆಟ್ಟಿಲಿನ ಮೂಲೆಯಿಂದ ತೋಳುದ್ದದ ಕೊರಮೀನೊಂದು ತಲೆ ಹಾಕಿ, ನಮ್ಮನ್ನು ನೋಡಿ, ಯಾರಪ್ಪ ಇವರು ಎನ್ನುವ ಹಾಗೆ ಅಲ್ಲೇ ನಿಂತಿತು. ಅಕ್ಕನ ಬಾಯಿಂದ ಗುಳ್ಳೆಗಳು ಒಂದೇ ಸಮನೆ ಹೊರಟವು. ಅವಳು ನೀರಿನಡಿ ನಗುತ್ತಿದ್ದಳು.

ದೊಡ್ಡ ಟಾರ್ಚು ಉರಿದಿದ್ದರೆ ಆ ಹೂಳಿಗೆ ಬೆಳಕು ಹೊಡೆದು ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತಿತ್ತು ಎಂದು ಸರ್ ಆಮೇಲೆ ಊಟದ ಹೊತ್ತಿಗೆ ಹೇಳಿದರು, ಮಂಜಿನಲ್ಲಿ ಕಾರಿನ ದೊಡ್ಡ ಲೈಟು ಹಾಕಿದರೆ ಆಗುತ್ತದಲ್ಲ, ಹಾಗೆ. ಅಕ್ಕನಿಗಂತೂ ಬೆಳಕು ಎಷ್ಟು ಅಗಲಕ್ಕೆ ಹರಡಿದರೂ ಕಾಣುವುದು ನಡುವಿನಷ್ಟೇ, ಉಳಿದದ್ದೆಲ್ಲ ಕಣ್ಣು ಕುಕ್ಕುವುದಕ್ಕೆ. ಈ ಸಣ್ಣದರ ಬೆಳಕು ಬೀಳುವ ಜಾಗ ಅವಳ ಉಳಿದ ನೋಟದಷ್ಟೇ ಇತ್ತು. ನಾನು ಇಷ್ಟೊಂದು ಓದಿ, ಹುಡುಕಿ, ಪರೀಕ್ಷೆ ಮಾಡಿ ಆರಿಸಿದ್ದು ನನ್ನ ಕಣ್ಣಿಗೆ ಹೊಂದುವುದನ್ನು. ಅವಳ ಕಣ್ಣಿಗೆ ಹೊಂದುವುದು ಅವಳ ಕೈಗೆ ಬಂದದ್ದು ಭಾವ ಆರದ ದೀಪ ಹಚ್ಚಿದ್ದರಿಂದ. ಆ ಊಟದಲ್ಲಿ ನಾನು ಎದ್ದು ಹೋಗಿ ಭಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಎಂಜಲು ಕೈ ಮೇಲೆತ್ತಿಕೊಂಡು, ಏ ಬುಡವ್ವ, ಮುದ್ದೆ ಆರೋಯ್ತದೆ ಎಂದರು. ನನ್ನ ಜೀವನದಲ್ಲಿ ನಾನು ಋಣಿಯಾಗಿರಬೇಕಾದವರ ಸಾಲು ಹೇಳಿದರೆ ಅವತ್ತು ಆ ಬಾವಿಯ ಸುತ್ತ ಇದ್ದವರೆಲ್ಲ ಅದರಲ್ಲಿ ಬರುತ್ತಾರೆ.

ಆದರೆ ಊಟಕ್ಕೂ ಮೊದಲು ಬಾವಿಯಲ್ಲಿ ನಡೆದದ್ದನ್ನು ಹೇಳಬೇಕು.

ಮೀನುಗಳನ್ನು ನೋಡುತ್ತಿದ್ದ ಅಕ್ಕ ಇದ್ದಕ್ಕಿದ್ದ ಹಾಗೆ ಬೆಳಕನ್ನು ತಿರುಗಿಸಿ ನನ್ನ ಮುಖಕ್ಕೆ ಬಿಟ್ಟಳು. ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಯಿತು. ನೀರಿನಡಿ ಇನ್ನೊಬ್ಬರ ಮುಖಕ್ಕೆ ಲೈಟು ಬಿಡಬಾರದು ಎಂದು ಅವಳಿಗೆ ಮೇಲೆಯೇ ಹೇಳಿದ್ದೆವು. ಸಿಟ್ಟಿನಿಂದ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದೆ. ಅವಳು ಮತ್ತೆ ಬಿಟ್ಟಳು. ಏನೋ ತೊಂದರೆಯಾಗಿರಬೇಕು ಎಂದುಕೊಂಡೆ. ಸರಿ ಇದ್ದೀಯಾ ಎಂದು ಬೆರಳು ಸುತ್ತಿ ಸನ್ನೆ ಮಾಡಿದೆ, ಅವಳೂ ಸರಿ ಎಂದು ಬೆರಳು ಸುತ್ತಿ ತೋರಿಸಿದಳು. ಬೆಳಕು ಮಾತ್ರ ನನ್ನ ಮುಖ ಬಿಟ್ಟು ಕದಲಲಿಲ್ಲ. ಮೇಲೆ ಹೋಗೋಣ ಎಂದು ಸರ್ ಹೆಬ್ಬೆರಳು ಎತ್ತಿದರು, ಮೇಲೆ ಬಂದೆವು.

ಮೆಟ್ಟಿಲ ಮೇಲೆ ಕೂತು ಬಾಯಿಯ ನಳಿಕೆ ತೆಗೆದ ತಕ್ಷಣ ನಾನು ರೇಗಿದೆ. "ಮೀನು ನೋಡು ಅಂದ್ರೆ ನನ್ನ ಕಣ್ಣಿಗ್ಯಾಕೆ ಬಿಟ್ಟೆ ಅಕ್ಕ? ನನ್ನ ಮುಖದಲ್ಲೇನಿದೆ, ಬಂದಾಗೆಲ್ಲ ನೋಡೋದೇ ತಾನೆ?"

"ಎಲ್ ನೋಡ್ತೀನಿ ಕಣಮ್ಮಿ?" ಎಂದಳು. ಇನ್ನೂ ಏದುಸಿರು ಬಿಡುತ್ತಿದ್ದಳು. "ನೀನ್ ಬರೋದೆ ಇಸ್ಕೂಲ್ ಮುಗುಸ್ಕಂಡು ಸಂಜೆ ಬಸ್ಸಿಗೆ. ಅಷ್ಟೊತ್ಗೆ ನಂಗೆ ನಿನ್ ಮಾತು ಕೇಳ್ತದೆ, ಅಷ್ಟೆಯ. ಟ್ಯೂಬ್ ಲೈಟು ಸಾಲಕಿಲ್ಲ. ನಿನ್ ಮೊಕ ನೋಡಿ ಎಷ್ಟ್ ವರ್ಸ ಆಗಿತ್ತೋ. ನಿಂತ್ಕೊ, ಟಾರ್ಚ್ ಬುಟ್ಟು ನೋಡ್ತೀನಿ ಅಂತ ತಂಗಿಗೆ ಏಳಕಾಯ್ತದಾ?"

ತಿಂಗಳಿಗೆ ಎಷ್ಟೋ ಸಂಜೆ ಆ ಮನೆಯ ಜಗಲಿಯಲ್ಲಿ ಅವಳೆದುರು ಕೂತು ಕಾಫಿ ಕುಡಿದಿದ್ದೇನೆ, ನಕ್ಕಿದ್ದೇನೆ, ಜಗಳವಾಡಿದ್ದೇನೆ. ಅವಳು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದಳು.

ಮಾಸ್ಕು ಕಿತ್ತು ಪಕ್ಕಕ್ಕಿಟ್ಟು, ಒದ್ದೆ ಕೂದಲು ಹಿಂದಕ್ಕೆ ತಳ್ಳಿ, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಎದುರಿಗೆ ಕೂತೆ. ಅಲ್ಲಿ ಗೋಡೆಯ ನೆರಳಿತ್ತು. "ಬಿಡು ಟಾರ್ಚು, ಸುಟ್ಟರೆ ಸುಡಲಿ. ಪೂರ್ತಿ ನೋಡು" ಎಂದೆ. ಅವಳು ಹಣೆಯಿಂದ ಶುರುಮಾಡಿದಳು. ಹುಬ್ಬು, 'ಇಲ್ಲಿ ನರೆ ಬಂದದೆ' ಎಂದು ಕಿವಿಯ ಪಕ್ಕ, ಮೂಗುಬೊಟ್ಟು, ಕೆನ್ನೆ, ನಿಧಾನವಾಗಿ ಒಂದೊಂದೇ ತುಂಡು. ಬೆಳಕು ಗದ್ದಕ್ಕೆ ಬಂದಾಗ ನಿಂತಿತು.

"ಅಳ್ಬ್ಯಾಡ ಕಣಮ್ಮಿ," ಎಂದಳು ಅಕ್ಕ, "ಸರ್ಯಾಗ್ ಕಾಣಕಿಲ್ಲ."

ನಾನು ಕಣ್ಣೊರೆಸಿಕೊಂಡು ಅಲುಗಾಡದೆ ಕುಳಿತೆ.